ಹಾರ್ನ್‌ಗೂ ಬೇಕು ಸಬ್‌ಟೈಟಲ್

“ಹರಿಹರ, ಹರಿಹರ, ಹರಿಹರ! ಬಾತಿ ಇಳಿಯೋರು ಮುಂದಕ್ ಬರ್ರಿ. ಏ ಯಜಮಾನ್ರೇ, ನಡಾ ಖಾಲಿ ಐತಿ, ಒಳಗ್ ಹೋಗ್ರಿ... ರೈಟ್, ರೈಟ್!”

ಪರದೆಯ ಮೇಲೆ ಓಡುತ್ತಿರುವುದು ಇಂಡೊನೇಷ್ಯಾದ ಬಸ್ಸು. ರಸ್ತೆ ಜಾವಾ ದ್ವೀಪದ್ದು, ಮುಂದೆ ಕಾಣುವ ಬೋರ್ಡು ಸುರಬಾಯ ಊರಿನದು. ಕಂಡಕ್ಟರ್ ದನಿ ಮಾತ್ರ ಅಪ್ಪಟ ದಾವಣಗೆರೆಯದು. ಮುಂದಿನ ತಿರುವಿನಲ್ಲಿ ಬಸ್ಸು ಎದುರಿಗಿದ್ದ ಲಾರಿಯನ್ನು ಸವರಿಕೊಂಡು ಸೀದಾ ಗದ್ದೆಗೆ ಇಳಿಯುತ್ತದೆ. “ಯಾರೂ ಗಾಬ್ರಿ ಆಗಬ್ಯಾಡ್ರಿ, ಇದು ಶಾರ್ಟ್‌ಕಟ್ಟು” ಅಂತಾನೆ ಕಂಡಕ್ಟರ್.

ಈ ಕಂಡಕ್ಟರ್ ನನ್ನ ಚಿಕ್ಕಪ್ಪನ ಮಗ. ಡಿಪ್ಲೊಮಾ ಮುಗಿಸಿದ್ದಾನೆ. ಮೊಬೈಲ್‌ನಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಆಡುತ್ತಾ ತಮಾಷೆ ಮಾಡುವುದು, ಅದನ್ನು ಯೂಟ್ಯೂಬ್‌ಗೆ ಹಾಕುವುದು ಅವನ ಹುಚ್ಚು. ಇಂಡೊನೇಷ್ಯಾದ ಮಲೆಯೊ ಎಂಬ ಕಂಪನಿ 2017ರಲ್ಲಿ ಬಿಟ್ಟ ಆಟ ಇದು. ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು. ಹಾಗಾಗಿ ನಮ್ಮ ಹುಡುಗರು ಅದಕ್ಕೆ ಕೆಎಸ್ಆರ್‌ಟಿಸಿ ಬಣ್ಣ ಹೊಡೆದು ಓಡಿಸುತ್ತಾರೆ. ಅಲ್ಲೂ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುವುದು, ಡ್ರೈವರ್ ಸೀಟು ಬಲಕ್ಕೆ. ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದರೆ ಪಿ.ಬಿ. ರಸ್ತೆಯೇ ಅನ್ನಿಸಿಬಿಡುತ್ತದೆ.

ಈ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಮೇಲೆ ಕುಣಿಯುವ ಕನ್ನಡ ಅಕ್ಷರ ಹಾಕುವವಳು ನಾನು. ಹಗಲು ಹೊತ್ತು ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಮನೆತನದಲ್ಲಿ ಇಂಜಿನಿಯರ್ ಅಂದರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಆಧಾರ್ ತಿದ್ದುಪಡಿವರೆಗೆ ಎಲ್ಲವೂ ಬರಬೇಕು. “ಅಕ್ಕಾ, ನೀನು ಇಂಜಿನಿಯರ್ ಅಲ್ಲೇನು, ಒಂದೇ ಒಂದು ವಿಡಿಯೊ ಎಡಿಟ್ ಮಾಡಿಕೊಡೆ” ಅಂದ. ಆ ಒಂದು ಇನ್ನೂ ಮುಗಿದಿಲ್ಲ.

ಶೆಡ್ಡು ನಿಂತ ಮೇಲೆ ಶೂಟಿಂಗ್

ಅವನ ಸ್ಟುಡಿಯೊ ಇರುವುದು ಕರೂರು ಕೈಗಾರಿಕಾ ಪ್ರದೇಶದಲ್ಲಿ. ಸ್ಟುಡಿಯೊ ಅಂದರೆ ಚಿಕ್ಕಪ್ಪನ ವರ್ಕ್‌ಶಾಪಿನ ಹಿಂದಿನ ಸಣ್ಣ ರೂಮು. ಮುಂದೆ ಎರಡು ಲೇತ್, ಒಂದು ಗ್ರೈಂಡರ್, ಒಂದು ಪವರ್ ಪ್ರೆಸ್. ಹಿಂದೆ ಹಳೇ ಗೋಣಿಚೀಲ, ಎಣ್ಣೆ ಡಬ್ಬ, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಗೋಡೆಗೆ ಅವನೇ ಹಳೇ ಕೌದಿ ನೇತುಹಾಕಿದ್ದಾನೆ. ಮಾತು ಗೋಡೆಗೆ ಬಡಿದು ಮರುದನಿ ಬರಬಾರದು ಅಂತ. ಸಾವಿರಾರು ರೂಪಾಯಿ ಕೊಟ್ಟು ತರುವ ಫೋಮ್ ಮಾಡುವ ಕೆಲಸವನ್ನು ಅಜ್ಜಿಯ ಕೌದಿ ಚೆನ್ನಾಗಿಯೇ ಮಾಡುತ್ತಿದೆ.

ಹಗಲು ರೆಕಾರ್ಡಿಂಗ್ ಮಾಡುವ ಹಾಗಿಲ್ಲ. ಪ್ರೆಸ್ ಒಂದು ಸಲ ‘ಧಬ್’ ಅಂದರೆ ಅವನ ಅರ್ಧ ಮಾತು ಅದರಡಿ ಸಿಕ್ಕಿ ಅಪ್ಪಚ್ಚಿ. ಆದ್ದರಿಂದ ಸಂಜೆ ಶೆಡ್ಡು ನಿಂತ ಮೇಲೆ, ಇಲ್ಲವೇ ವಾರದ ರಜೆಯ ದಿನ. ಆಟವನ್ನು ಒಂದು ಫೋನ್ ರೆಕಾರ್ಡ್ ಮಾಡಿಕೊಳ್ಳುತ್ತದೆ, ಮಾತನ್ನು ಕಾಲರ್ ಮೈಕ್ ಸಿಕ್ಕಿಸಿದ ಇನ್ನೊಂದು ಫೋನ್. ಶುರುವಿಗೆ ಒಂದು ಚಪ್ಪಾಳೆ ಹೊಡೆದು, ಅದೇ ಗಳಿಗೆಗೆ ಆಟದ ಹಾರ್ನ್ ಒತ್ತುತ್ತಾನೆ. ಎರಡೂ ಫೈಲಿನಲ್ಲಿ ಆ ಎರಡು ಸದ್ದು ಎದ್ದು ಕಾಣುತ್ತವೆ. ಒಂದರ ಕೆಳಗೆ ಒಂದು ಕೂರಿಸಿದರೆ ಮಾತು, ಆಟ ತಾಳೆಯಾಗುತ್ತವೆ.

ಚಿಕ್ಕಪ್ಪ ಆ ಹೊತ್ತಿನಲ್ಲಿ ಮುಂದೆ ಕೂತು ಲೆಕ್ಕದ ಪುಸ್ತಕ ಬರೆಯುತ್ತಿರುತ್ತಾರೆ. ಹಿಂದಿನ ರೂಮಿನಲ್ಲಿ ಮಗ ಗಂಟಲು ಹರಿಯುವ ಹಾಗೆ “ಹರಿಹರ, ಹರಿಹರ” ಅಂತ ಕೂಗುತ್ತಿದ್ದರೂ ತಲೆ ಎತ್ತುವುದಿಲ್ಲ. ಮೊದಮೊದಲು ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ. “ಗೇಮ್ ಆಡ್ಕೆಂತ ಕುಂತ್ರೆ ಹೊಟ್ಟಿ ತುಂಬತೈತೇನ್ಲೇ” ಅಂತ ಅವರು ಬೈದದ್ದನ್ನು ಕೇಳಿದ್ದೆನಲ್ಲ. ಸಿಟ್ಟೂ ಇತ್ತು, ನಿಜ. ಆದರೆ ತಲೆ ಎತ್ತದಿದ್ದುದಕ್ಕೆ ಕಾರಣ ಅದಾಗಿರಲಿಲ್ಲ.

ಮೂರು ಗಂಟೆ ಎಂಟು ನಿಮಿಷವಾಗುವ ಬಗೆ

ಮೂರು ಗಂಟೆ ಆಡಿದರೆ ನನ್ನ ಕೈಯಲ್ಲಿ ಉಳಿಯುವುದು ಎಂಟು ನಿಮಿಷ. ಉಳಿದದ್ದೆಲ್ಲ ಖಾಲಿ ರಸ್ತೆ, ಕೆಮ್ಮು, “ಅಯ್ಯೋ ನೆಟ್ ಹೋತು” ಮತ್ತು ಚಿಕ್ಕಮ್ಮನ ಫೋನು. ಮೊದಲು ಇಡೀ ರೆಕಾರ್ಡಿಂಗ್ ಕೇಳಿ, ನನಗೆ ನಗು ಬಂದ ಕಡೆ ಮಾತ್ರ ಗುರುತು ಹಾಕುತ್ತೇನೆ. ಎರಡನೇ ಸಲ ಕೇಳಿದಾಗಲೂ ನಗು ಬಂದರೆ ಆ ತುಂಡು ಉಳಿಯುತ್ತದೆ.

ಆಮೇಲೆ ಉಸಿರು ತೆಗೆಯುವ ಕೆಲಸ. ಮಾತಾಡುವಾಗ ವಾಕ್ಯಗಳ ನಡುವೆ ಅರ್ಧ ಸೆಕೆಂಡು, ಒಂದು ಸೆಕೆಂಡು ಸುಮ್ಮನಿರುತ್ತೇವಲ್ಲ, ಅದನ್ನೆಲ್ಲ ಕತ್ತರಿಸುತ್ತಾ ಹೋಗುವುದು. ಒಂದು ಮಾತಿನ ಬೆನ್ನಿಗೆ ಇನ್ನೊಂದು ಮಾತು ಬಂದು ಬೀಳಬೇಕು. ಈ ಬಗೆಯ ವಿಡಿಯೊಗಳು ಕುದುರೆ ಓಡಿದ ಹಾಗೆ ಓಡುವುದು ಇದರಿಂದಲೇ. ಆದರೆ ಎಲ್ಲ ಮೌನವನ್ನೂ ಕತ್ತರಿಸಿದರೆ ನಗುವೂ ಸಾಯುತ್ತದೆ. ಬಸ್ಸು ಗದ್ದೆಗೆ ಇಳಿದ ಮೇಲೆ, “ಇದು ಶಾರ್ಟ್‌ಕಟ್ಟು” ಅನ್ನುವ ಮೊದಲು ಅವನು ಸ್ವಲ್ಪ ಸುಮ್ಮನಿದ್ದ. ಆ ಸುಮ್ಮನಿದ್ದದ್ದೇ ನಗುವಿನ ಬೇರು. ಸೆಕೆಂಡಿಗೆ 30 ಚಿತ್ರ ಓಡುವ ವಿಡಿಯೊದಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡು. ಅಂಥ ಹದಿನೆಂಟು ಚಿತ್ರಗಳಷ್ಟು ಮೌನ ಬಿಟ್ಟೆ. ಹತ್ತು ಬಿಟ್ಟಾಗ ನಗು ಬರಲಿಲ್ಲ, ಮೂವತ್ತು ಬಿಟ್ಟಾಗ ವಿಡಿಯೊ ನಿಂತೇಹೋಯಿತೇನೋ ಅನ್ನಿಸಿತು. ಇದಕ್ಕೆ ಸೂತ್ರ ಇಲ್ಲ. ಒಗ್ಗರಣೆಗೆ ಸಾಸಿವೆ ಚಟಗುಟ್ಟುವುದನ್ನು ಕಾಯುವ ಹಾಗೆ ಕಾಯಬೇಕು.

ಸಬ್‌ಟೈಟಲ್ ಈ ಕಾಯುವಿಕೆಯನ್ನು ಕೆಡಿಸಬಾರದು. ಸಿನಿಮಾದ ಸಬ್‌ಟೈಟಲ್ ಇಡೀ ವಾಕ್ಯವನ್ನು ಒಮ್ಮೆಗೇ ತೋರಿಸುತ್ತದೆ. ತಮಾಷೆಯಲ್ಲಿ ಹಾಗೆ ಮಾಡಿದರೆ ನೋಡುವವರು ಕೊನೆಯ ಪದವನ್ನು ಮೊದಲೇ ಓದಿಬಿಡುತ್ತಾರೆ. ಅದಕ್ಕೇ ಇಲ್ಲಿ ಪದ ಪದವಾಗಿ ಬರಬೇಕು, ಬಾಯಿಂದ ಪದ ಬೀಳುವ ಗಳಿಗೆಗೇ ಪರದೆಗೂ ಬೀಳಬೇಕು. ಕೂಗಿದ ಪದ ದೊಡ್ಡದು, ಗೊಣಗಿದ್ದು ಚಿಕ್ಕದು, ಗಾಬರಿಯಾದದ್ದು ನಡುಗಬೇಕು. ಎಂಟು ನಿಮಿಷದ ವಿಡಿಯೊಗೆ ನಾನು ಕೂರುವ ಹೊತ್ತಿನಲ್ಲಿ ಅರ್ಧಕ್ಕರ್ಧ ಹೋಗುವುದು ಇದಕ್ಕೇ.

ಕಂಪ್ಯೂಟರ್‌ಗೆ ಒತ್ತಕ್ಷರ ಕಲಿಸಿದ್ದು

ಇಂಗ್ಲಿಷ್‌ನಲ್ಲಿ ಈ ಕುಣಿತಕ್ಕೆ ನೂರಾರು ಸಿದ್ಧ ಟೆಂಪ್ಲೇಟುಗಳಿವೆ. ಅದರೊಳಗೆ ಕನ್ನಡ ಸುರಿದ ಮೊದಲ ದಿನ ನೋಡಬೇಕಿತ್ತು. ಒತ್ತಕ್ಷರ ತಾಯಿ ಬಿಟ್ಟ ಕರುವಿನ ಹಾಗೆ ಪಕ್ಕಕ್ಕೆ ಬಂದು ನಿಂತಿತ್ತು, ಅರ್ಕಾವೊತ್ತು ಎಲ್ಲೋ, ಅಕ್ಷರ ಎಲ್ಲೋ. ತಪ್ಪು ಫಾಂಟಿನದಲ್ಲ. ಅಕ್ಷರಗಳನ್ನು ಜೋಡಿಸುವ ಒಳಗಿನ ಯಂತ್ರದ್ದು. ಅಡೋಬಿ ಪ್ರೀಮಿಯರ್‌ನಲ್ಲಿ ಸೆಟ್ಟಿಂಗಿನ ಒಳಗೆ ಹುಡುಕಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತಬೇಕು, ಆಗ ಸರಿಯಾಗುತ್ತದೆ. ನಾನು ಕೊನೆಗೆ ಹಿಡಿದದ್ದು ಬಿಟ್ಟಿ ದಾರಿ: ಏಜಿಸಬ್ ಎಂಬ ಸಬ್‌ಟೈಟಲ್ ತಂತ್ರಾಂಶ. ಅದರ ಅಕ್ಷರಗಳನ್ನು ವಿಡಿಯೊ ಮೇಲೆ ಅಚ್ಚೊತ್ತುವಾಗ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಒತ್ತಕ್ಷರಗಳನ್ನು ಕೂರಿಸಿಕೊಡುತ್ತದೆ. ಕರೋಕೆ ಹಾಡಿಗೆ ಅಂತ ಮಾಡಿದ ಸೌಲಭ್ಯವೊಂದು ಅದರಲ್ಲಿದೆ. ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಪ್ರತಿ ಪದಕ್ಕೂ ಹೊತ್ತು ಕೊಡಬಹುದು.

ಆದರೂ ಒಂದು ಕಗ್ಗಂಟು ಉಳಿಯಿತು. ಅಕ್ಷರ ಅಕ್ಷರವಾಗಿ ಟೈಪ್ ಆಗುವ ಹಾಗೆ ಮಾಡಲು ಹೋದೆ. ‘ಸ್ಟ್ಯಾಂಡ್’ ಅನ್ನುವ ಪದ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ: ಸ್ಟ್ಯಾಂ, ಡ್. ಯೂನಿಕೋಡ್‌ನಲ್ಲಿ ಅದು ಒಂಬತ್ತು ತುಂಡು. ಸ, ಹಲಂತ, ಟ, ಹಲಂತ, ಯ, ದೀರ್ಘ, ಸೊನ್ನೆ, ಡ, ಹಲಂತ. ಒಂದೊಂದೇ ತುಂಡು ತೋರಿಸುತ್ತಾ ಹೋದರೆ ‘ಸ’ ಬರುತ್ತದೆ, ಅದು ‘ಸ್’ ಆಗುತ್ತದೆ, ಮತ್ತೆ ‘ಸ್ಟ’, ಮತ್ತೆ ‘ಸ್ಟ್’... ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಅಕ್ಷರಕ್ಕೆ ಜ್ವರ ಬಂದ ಹಾಗೆ ಕಾಣುತ್ತದೆ.

ತುಂಡುಗಳನ್ನು ಕಣ್ಣಿಗೆ ಕಾಣುವ ಹಾಗೆ ಗುಂಪು ಮಾಡಲು ಯೂನಿಕೋಡ್‌ನವರದ್ದೇ ನಿಯಮ ಇದೆ. ಅದನ್ನು ಬಳಸಿದೆ. ಒಂಬತ್ತು ಇದ್ದದ್ದು ನಾಲ್ಕಕ್ಕೆ ಇಳಿಯಿತು: ಸ್, ಟ್, ಯಾಂ, ಡ್. ಎರಡಕ್ಕೆ ಇಳಿಯಲಿಲ್ಲ. ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಇಡುವ ನಿಯಮವನ್ನು 2023ರ ಯೂನಿಕೋಡ್ 15.1ರಲ್ಲಿ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಊಟ ಬಡಿಸಿ ನಮ್ಮ ಎಲೆ ದಾಟಿ ಹೋದ ಹಾಗಾಯಿತು. ಕೂತು ನಾನೇ ನಾಲ್ಕು ಸಾಲಿನ ನಿಯಮ ಬರೆದೆ: ಹಲಂತದ ಮುಂದೆ ವ್ಯಂಜನ ಬಂದರೆ ಕತ್ತರಿಸಬೇಡ. ‘ರಾಜ್‌ಕುಮಾರ್’ ಎಂದು ಬರೆಯುವಾಗ ನಡುವೆ ಕಾಣದ ಒಂದು ಅಡ್ಡಗೋಡೆ ಇರುತ್ತದಲ್ಲ, ಅದು ಇದ್ದರೆ ಮಾತ್ರ ಕತ್ತರಿಸು. ಕೆಲಸ ಮಾಡಿತು. ಆಫೀಸಿನಲ್ಲಿ ಸಾವಿರಾರು ಸಾಲು ಕೋಡ್ ಬರೆದಿದ್ದೇನೆ, ಈ ನಾಲ್ಕು ಸಾಲಿಗೆ ಆದಷ್ಟು ಖುಷಿ ಅವಕ್ಕೆ ಆಗಿಲ್ಲ.

ಫಾಂಟಿನ ಕತೆಯೂ ಹೇಳಬೇಕು. ಗೂಗಲ್‌ನ ಬಿಟ್ಟಿ ಫಾಂಟುಗಳಲ್ಲಿ ‘ಬೆಣ್ಣೆ’ ಅನ್ನುವ ಹೆಸರಿನ ಕನ್ನಡ ಫಾಂಟ್ ಇದೆ. ದಾವಣಗೆರೆಯವಳು ಅದನ್ನು ಬಿಟ್ಟು ಬೇರೇನು ಹಾಕಲಿ ಅಂತ ಹಾಕಿದೆ. ಅಂದವಾದ ಅಕ್ಷರ, ಆದರೆ ತೆಳು. ಓಡುವ ಬಸ್ಸಿನ ಮೇಲೆ ಕರಗಿಹೋಯಿತು, ಹೆಸರಿಗೆ ತಕ್ಕ ಹಾಗೆ! ಕೊನೆಗೆ ಗಟ್ಟಿಯಾಗಿ ನಿಂತದ್ದು ‘ಬಾಲೂ ತಮ್ಮ’. ಏಕ್ ಟೈಪ್ ಎಂಬ ತಂಡ ಮಾಡಿದ ದಪ್ಪ, ದುಂಡು ಅಕ್ಷರ. ತೆಲುಗಿನಲ್ಲಿ ಅದೇ ‘ತಮ್ಮುಡು’, ತಮಿಳಿನಲ್ಲಿ ‘ತಂಬಿ’. ತಮ್ಮನ ಮಾತಿಗೆ ತಮ್ಮ ಫಾಂಟು, ಹೊಂದಿಕೆಯಾಯಿತು.

ಯಾವ ಕನ್ನಡ ಬರೆಯೋದು?

ಮಾತನ್ನು ಕೇಳಿ ತಾನೇ ಬರೆದುಕೊಡುವ ತಂತ್ರಾಂಶಗಳಿವೆ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಸುಮಾರು ನೂರು ಭಾಷೆ ಬಲ್ಲದು, ಅದರಲ್ಲಿ ಕನ್ನಡವೂ ಇದೆ. ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿದೆ. ವಾರ್ತೆ ಓದುವ ಕನ್ನಡವಾದರೆ ತಕ್ಕಮಟ್ಟಿಗೆ ಹಿಡಿಯುತ್ತದೆ. ನಮ್ಮವನ “ಹೊಂಟೀವ್ರಿ ಈಗ” ಕೇಳಿಸಿಕೊಂಡು ಒಂದು ಸಲ ಒಂದು ಬರೆಯಿತು, ಇನ್ನೊಂದು ಸಲ ಇನ್ನೊಂದು. ಜೊತೆಗೆ ಇಂಜಿನ್ ಸದ್ದು ಬೇರೆ. ಪದ ಯಾವ ಗಳಿಗೆಗೆ ಬಂತು ಅನ್ನುವ ಲೆಕ್ಕಕ್ಕೆ ಮಾತ್ರ ಅದನ್ನು ಇಟ್ಟುಕೊಂಡು, ಬರೆಯುವ ಕೆಲಸವನ್ನು ಕೈಗೇ ತೆಗೆದುಕೊಂಡೆ.

ಕೈಗೆ ತೆಗೆದುಕೊಂಡ ಮೇಲೆ ಇನ್ನೊಂದು ಪ್ರಶ್ನೆ. “ಗಾಬ್ರಿ ಆಗಬ್ಯಾಡ್ರಿ” ಅಂತ ಅವನು ಅಂದದ್ದನ್ನು ಹಾಗೇ ಬರೆಯಬೇಕೋ, “ಗಾಬರಿಯಾಗಬೇಡಿ” ಅಂತ ತಿದ್ದಬೇಕೋ? ಶಾಲೆಯಲ್ಲಿ ಕಲಿತ ಕೈ ತಿದ್ದಲು ಹೋಗುತ್ತದೆ. ತಿದ್ದಿದ ಮೊದಲ ವಿಡಿಯೊ ನೋಡಿ ತಮ್ಮ ಅಂದ, “ಅಕ್ಕಾ, ಇದು ನಾನಲ್ಲ. ರೈಲ್ವೆ ಸ್ಟೇಷನ್ ಅನೌನ್ಸರ್.” ಅವನು ಹೇಳಿದ್ದು ಸರಿ. ಮಾತಿನ ಲಯ ಬೇರೆ, ಅಕ್ಷರದ ಲಯ ಬೇರೆ ಆದರೆ ಕಿವಿ ಕಣ್ಣು ಜಗಳಕ್ಕೆ ಬೀಳುತ್ತವೆ, ನಗು ನಡುವೆ ಸಿಕ್ಕಿ ಒದ್ದಾಡುತ್ತದೆ. ಈಗ ನನ್ನ ನಿಯಮ ಇಷ್ಟೇ. ಆಡಿದ ಹಾಗೇ ಬರೆ, ಆದರೆ ಒಂದೇ ನೋಟಕ್ಕೆ ಗುರುತು ಸಿಗದಷ್ಟು ನುಂಗಬೇಡ.

ಸದ್ದುಗಳಿಗಂತೂ ಕನ್ನಡದಲ್ಲಿ ಬರವೇ ಇಲ್ಲ. ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಅಂತ ಉರು ಹೊಡೆದದ್ದು ನೆನಪಿರಬೇಕಲ್ಲ: ದಡಬಡ, ಪಟಪಟ, ಚಟಚಟ, ಗಡಗಡ. ಹದಿನೈದು ವರ್ಷ ಬಿಟ್ಟು ನನಗೆ ಉಪಯೋಗಕ್ಕೆ ಬಂತು. ಬಸ್ಸು ಹಂಪ್ ಹಾರಿದರೆ ‘ದಡಾಲ್’, ಬಾಗಿಲು ಬಡಿದರೆ ‘ಧಡ್’, ಬ್ರೇಕ್ ಹಾಕಿದರೆ ‘ಕಿರ್ರ್ರ್’. ಈ ಆಟದಲ್ಲಿ ಹಾರ್ನ್ ಅಂತೂ ಬಹಳ ಮುಖ್ಯ. 2016ರಲ್ಲಿ ಇಂಡೊನೇಷ್ಯಾದ ಮಕ್ಕಳು ಹೆದ್ದಾರಿ ಪಕ್ಕ ನಿಂತು ‘ಓಂ ತೆಲೋಲೆತ್ ಓಂ’ ಎಂದು ಬಸ್ಸುಗಳಿಗೆ ಕೂಗುವ ವಿಡಿಯೊ ಜಗತ್ತೆಲ್ಲ ಸುತ್ತಿತ್ತು. ಅಲ್ಲಿ ‘ಓಂ’ ಅಂದರೆ ಅಂಕಲ್, ‘ತೆಲೋಲೆತ್’ ಅಂದರೆ ರಾಗವಾಗಿ ಕೂಗುವ ಹಾರ್ನ್. “ಅಂಕಲ್, ಹಾರ್ನ್ ಹೊಡೀರಿ ಅಂಕಲ್” ಅಂತ. ನಮ್ಮೂರ ಮಕ್ಕಳು ಲಾರಿಗಳಿಗೆ ಕೈ ಆಡಿಸಿ ಕೇಳುವುದೂ ಅದನ್ನೇ. ಹಾಗಾಗಿ ಹಾರ್ನ್‌ಗೂ ನಾನು ಅಕ್ಷರ ಹಾಕುತ್ತಿದ್ದೆ. ಅಲಂಕಾರಕ್ಕೆ, ತಮಾಷೆಗೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

‘ಏನಿಲ್ಲ ಬಿಡಿ’

ಒಂದು ಭಾನುವಾರ ಚಿಕ್ಕಪ್ಪನ ಮನೆಯಲ್ಲಿದ್ದೆ. ಚಿಕ್ಕಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಕರಿಯುತ್ತಿದ್ದರು. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಿಸಿ ಮಿರ್ಚಿಗೆ ಕಾಯುತ್ತಿದ್ದ. ಅವನ ಫೋನ್ ಹಾಲಿನಲ್ಲಿ ಚಾರ್ಜಿಗಿತ್ತು, ಹೊಸ ವಿಡಿಯೊ ಅದರಲ್ಲಿ ತೆರೆದೇ ಇತ್ತು. ಚಿಕ್ಕಪ್ಪ ಅದನ್ನು ಕೈಗೆತ್ತಿಕೊಂಡು ನೋಡುತ್ತಾ ಕೂತರು. ಸದ್ದು ಪೂರ್ತಿ ಇಳಿದಿತ್ತು. ಅದನ್ನು ಏರಿಸಬೇಕು ಅಂತ ಅವರಿಗೆ ಅನ್ನಿಸಲೂ ಇಲ್ಲ.

ಬಸ್ಸು ಗದ್ದೆಗಿಳಿಯಿತು. ಹದಿನೆಂಟು ಚಿತ್ರಗಳ ಮೌನ. ಆಮೇಲೆ ಒಂದೊಂದೇ ಪದ. ‘ಇದು... ಶಾರ್ಟ್‌ಕಟ್ಟು.’

ಚಿಕ್ಕಪ್ಪ ನಕ್ಕರು. ಹೊಟ್ಟೆ ಕುಣಿಯುವ ಹಾಗೆ, ಕೆಮ್ಮು ಬರುವವರೆಗೆ ನಕ್ಕರು. ಬಾಗಿಲಲ್ಲಿದ್ದ ತಮ್ಮ ಹಾಗೇ ನಿಂತುಬಿಟ್ಟ. “ಇದು ನೀನೇ ಅಂದಿದ್ದೇನ್ಲೇ?” ಅಂತ ಅವರು ಕೇಳಿದರು. ಅವನು ತಲೆಯಾಡಿಸಿದ.

ಅವತ್ತು ನನಗೆ ಹೊಳೆದದ್ದು ಇದು. ಚಿಕ್ಕಪ್ಪನಿಗೆ ಕಿವಿ ಮಂದ ಅಂತ ನಮಗೆಲ್ಲ ಗೊತ್ತಿತ್ತು. ಅದು ಎಷ್ಟು ಮಂದ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಸ್ವಂತ ಶೆಡ್ಡು ಮಾಡುವ ಮೊದಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇರೆಯವರ ಶೆಡ್ಡುಗಳಲ್ಲಿ ಪ್ರೆಸ್ ಮುಂದೆ ನಿಂತವರು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇ ದೊಡ್ಡದು. ಮನೆಯಲ್ಲಿ ಮುಖ್ಯವಾದ ಮಾತನ್ನು ನಾವು ಕೂಗಿ ಹೇಳುತ್ತಿದ್ದೆವು. “ಊಟಕ್ಕೆ ಬರ್ರೀ!”, “ಕರೆಂಟ್ ಬಿಲ್ ಬಂದೈತೀ!” ಆದರೆ ತಮಾಷೆಯನ್ನು ಕೂಗಿ ಹೇಳಲು ಆಗುತ್ತದೆಯೇ? ಎಲ್ಲರೂ ನಗುವಾಗ ಅವರು “ಏನಂದ?” ಅಂತ ಕೇಳುತ್ತಾರೆ. ಒಂದು ಸಲ ಮತ್ತೆ ಹೇಳುತ್ತೇವೆ. “ಹಾಂ?” ಅನ್ನುತ್ತಾರೆ. ಎರಡನೇ ಸಲಕ್ಕೆ ಅದರಲ್ಲಿ ನಗು ಉಳಿದಿರುವುದಿಲ್ಲ. ಆಗ ನಮ್ಮ ಬಾಯಿಂದ ಬರುವುದು ಒಂದೇ ಮಾತು: “ಏನಿಲ್ಲ ಬಿಡಿ.”

ಎಷ್ಟು ವರ್ಷದಿಂದ ಆ ಮನೆಯಲ್ಲಿ ‘ಏನಿಲ್ಲ ಬಿಡಿ’ ನಡೆದಿತ್ತೋ. ಮಗ ಇಡೀ ದಾವಣಗೆರೆಯನ್ನು ನಗಿಸುವಂಥವನು ಅಂತ ಅಪ್ಪನಿಗೆ ಗೊತ್ತೇ ಇರಲಿಲ್ಲ. ಅವರಿಗೆ ಗೊತ್ತಿದ್ದ ಮಗ ಫೋನ್ ಹಿಡಿದು ಒಬ್ಬನೇ ತುಟಿ ಅಲ್ಲಾಡಿಸುವ ಹುಡುಗ. ಮಗನಿಗೆ ಗೊತ್ತಿದ್ದ ಅಪ್ಪ ಬೈಯುವ ಅಪ್ಪ. ಕೂಗಿ ಆಡುವ ಮಾತೆಲ್ಲ ಕೊನೆಗೆ ಬೈಗುಳದ ಹಾಗೇ ಕೇಳುತ್ತದೆ, ಎರಡೂ ಕಡೆಯಿಂದ.

ಕಳೆದುಹೋದ ‘ಸ್’

ನಕ್ಕು ಮುಗಿದ ಮೇಲೆ ಚಿಕ್ಕಪ್ಪ ವಿಡಿಯೊವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದರು. ನನ್ನ ಕಡೆ ತಿರುಗಿ, “ಎಲ್ಲಾ ಚಲೋ ಐತಿ ನೋಡವ್ವಾ. ಬ್ರೇಕ್ ಸಪ್ಪಳ ಮಾತ್ರ ತಪ್ಪು” ಅಂದರು. “ನೀ ಕಿರ್ರ್ ಅಂತ ಬರ್ದೀಯ. ಅದು ಲೈನಿಂಗ್ ಸವೆದ ಗಾಡಿದು. ಇದು ಏರ್ ಬ್ರೇಕ್ ಬಸ್ಸು. ನಿಂತ್ ಮ್ಯಾಲೆ ಗಾಳಿ ಬಿಡ್ತೈತಿ. ಟುಸ್ಸ್... ಅಂತ. ಕೊನೀಗೆ ಸಣ್ಣಗೆ ಸ್ ಸ್ ಸ್ ಅಂತ ಎಳೀತೈತಿ.”

ಕೇಳಿ ನೋಡಿದೆ. ಆಟದಲ್ಲೂ ಅದು ಹಾಗೇ ಇತ್ತು. ನನ್ನ ಕಿವಿಗೆ ಏನೂ ಆಗಿಲ್ಲ, ಆದರೂ ನಾನು ಕೇಳಿಸಿಕೊಂಡಿರಲಿಲ್ಲ.

ಮುಂದಿನ ವಾರ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಆಡಿಯೊಗ್ರಾಂ ಮಾಡಿಸಿದರು. ಬಲಕ್ಕೆ ಹೋಗುತ್ತಾ ಗೆರೆ ಕೆಳಗೆ ಕುಸಿದಿತ್ತು. ಸದ್ದಿನಿಂದ ಕಿವಿ ಕೆಡುವಾಗ ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ತೆಳು ದನಿಗಳು ಅಂತ ವಿವರಿಸಿದರು. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಅ, ಆ, ಓ ಎಂಬ ಸ್ವರಗಳು ದಪ್ಪ ದನಿ, ಅವು ಕೇಳಿಸುತ್ತಲೇ ಇರುತ್ತವೆ. ಸ, ಶ, ತ, ಕ ಇವು ಜಾರಿಹೋಗುತ್ತವೆ. ಅದಕ್ಕೇ ಇಂಥವರು “ಕೂಗಬ್ಯಾಡ್ರಿ, ಕೇಳ್ತೈತಿ” ಅನ್ನುತ್ತಾರೆ, ಆದರೆ ಏನಂದಿರಿ ಅಂತ ತಿಳಿಯುವುದಿಲ್ಲ. ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ‘ಸ’ಕಾರ ಸಿಗುವುದಿಲ್ಲ.

ಅಂದರೆ ಚಿಕ್ಕಪ್ಪ ನನಗೆ ತಿದ್ದಿಕೊಟ್ಟ ಆ ‘ಸ್ ಸ್ ಸ್’ ಇದೆಯಲ್ಲ, ಅವರ ಕಿವಿ ಕಳೆದುಕೊಂಡದ್ದು ಅದನ್ನೇ. ನೆನಪಿನಿಂದ ಹೇಳಿದ್ದರು.

ನಮ್ಮ ಕಾರ್ಖಾನೆ ನಿಯಮಗಳಲ್ಲಿ ಇದಕ್ಕೆ ಮಿತಿ ಇದೆ. ಎಂಟು ಗಂಟೆ ಕೆಲಸಕ್ಕೆ 90 ಡೆಸಿಬೆಲ್. ಅದಕ್ಕಿಂತ ಪ್ರತಿ 5 ಡೆಸಿಬೆಲ್ ಹೆಚ್ಚಾದರೆ ಹೊತ್ತು ಅರ್ಧ ಆಗಬೇಕು: 95ಕ್ಕೆ ನಾಲ್ಕು ಗಂಟೆ, 100ಕ್ಕೆ ಎರಡು ಗಂಟೆ. ಸದ್ದಿನಿಂದ ಕಿವಿ ಮಂದವಾಗುವುದು ಕಾನೂನಿನ ರೋಗಗಳ ಪಟ್ಟಿಯಲ್ಲೂ ಇದೆ. ಒಂದು ದಿನ ಪ್ರೆಸ್ ನಡೆಯುವಾಗ ಫೋನಿನ ಆ್ಯಪ್‌ನಲ್ಲಿ ಅಳೆದೆ. 94, 96, 97. ಫೋನಿನ ಅಳತೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಆದರೆ ಪಕ್ಕದಲ್ಲಿ ನಿಂತವರ ಜೊತೆ ಕೂಗದೆ ಮಾತಾಡಲು ಆಗದಿದ್ದರೆ ಅಲ್ಲಿ ಸದ್ದು ಜಾಸ್ತಿ ಇದೆ ಅಂತಲೇ ಲೆಕ್ಕ, ಅದಕ್ಕೆ ಯಂತ್ರ ಬೇಕಿಲ್ಲ. ಈಗ ಶೆಡ್ಡಿನಲ್ಲಿ ಇಯರ್‌ಮಫ್ ಬಂದಿದೆ. ಕೆಲಸಕ್ಕೆ ಬರುವ ಇಬ್ಬರು ಹುಡುಗರಿಗೆ ಅದನ್ನು ಹಾಕಿಸುವುದು ಚಿಕ್ಕಪ್ಪನ ಹೊಸ ಜಗಳ.

ಶ್ರವಣ ಸಾಧನವೂ ಬಂತು. ಅದು ಕನ್ನಡಕ ಹಾಕಿದ ಹಾಗೆ ಒಂದೇ ದಿನಕ್ಕೆ ಸರಿಹೋಗುವಂಥದ್ದಲ್ಲ. ಮೊದಲ ವಾರ ತಟ್ಟೆ ಸದ್ದಿಗೇ ಬೆಚ್ಚಿಬೀಳುತ್ತಿದ್ದರು. ಅಭ್ಯಾಸವಾಗಲು ತಿಂಗಳುಗಳೇ ಬೇಕು. ಹೆಚ್ಚಿನ ತಪಾಸಣೆ ಬೇಕಿದ್ದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ ಅನ್ನುವುದು ಕರ್ನಾಟಕದ ನಮಗೆಲ್ಲ ನೆನಪಿರಬೇಕು.

ಯಾರಿಗಾಗಿ ಈ ಅಕ್ಷರ

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ ಚಿಕಿತ್ಸೆ, ನೆರವು ಬೇಕಾಗುವಷ್ಟು ಕಿವಿ ಮಂದವಾದವರು ಜಗತ್ತಿನಲ್ಲಿ 43 ಕೋಟಿ. ಸಿನಿಮಾಗಳಲ್ಲಿ ಅವರಿಗಾಗಿ ಸಬ್‌ಟೈಟಲ್ ಸೌಲಭ್ಯ ಇರಬೇಕು ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ. ಅದಕ್ಕೂ ಬಹಳ ಮೊದಲು, 1996ರಲ್ಲೇ, ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿ ಅವರು ಹಿಂದಿ ಹಾಡಿಗೆ ಹಿಂದಿಯಲ್ಲೇ ಸಬ್‌ಟೈಟಲ್ ಕೊಟ್ಟರೆ ಓದು ಬಾರದವರಿಗೆ ಅಕ್ಷರ ಗಟ್ಟಿಯಾಗುತ್ತದೆ ಎಂಬ ವಿಚಾರ ಹಿಡಿದು ಹೊರಟರು. ದೂರದರ್ಶನದ ಚಿತ್ರಹಾರ್, ರಂಗೋಲಿಗಳಲ್ಲಿ ಹಾಡಿನ ಜೊತೆ ಬಣ್ಣ ತುಂಬುತ್ತಾ ಹೋಗುವ ಸಾಲುಗಳನ್ನು ಎಷ್ಟೋ ಜನ ನೋಡಿರುತ್ತೀರಿ. ಆಡಿದ ಭಾಷೆಯಲ್ಲೇ ಅಕ್ಷರ ಯಾಕೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇದಾದ ಮೇಲೆ ನನ್ನ ಕೆಲಸದಲ್ಲಿ ಕೆಲವು ಬದಲಾವಣೆ ಆಗಿವೆ. ಸುಮ್ಮನೆ ಕುಣಿಯುವ ಅಕ್ಷರ ಕಡಿಮೆ ಮಾಡಿದೆ. ಒಂದು ಸಲಕ್ಕೆ ಮೂರ್ನಾಲ್ಕು ಪದ, ಅದಕ್ಕಿಂತ ಹೆಚ್ಚಿಲ್ಲ. ಕಂಡಕ್ಟರ್ ಮಾತು ಹಳದಿ, ಡ್ರೈವರ್ ಮಾತು ಬಿಳಿ, ಸದ್ದು ಕಿತ್ತಳೆ. ಎಲ್ಲಕ್ಕೂ ದಪ್ಪ ಕಪ್ಪು ಅಂಚು. ಕಥೆಗೆ ಬೇಕಾದ ಸದ್ದು ಒಂದೂ ಬಿಟ್ಟುಹೋಗಬಾರದು. ವಿಡಿಯೊ ಮುಗಿದ ಮೇಲೆ ದನಿ ಪೂರ್ತಿ ಇಳಿಸಿ ಒಮ್ಮೆ ನೋಡುತ್ತೇನೆ. ಸದ್ದಿಲ್ಲದೆಯೂ ನಗು ಬರಬೇಕು. ಬಾರದಿದ್ದರೆ ಮತ್ತೆ ಕೂರುತ್ತೇನೆ. ನೀವೂ ಮನೆಯಲ್ಲಿ ಸಣ್ಣಪುಟ್ಟ ವಿಡಿಯೊ ಮಾಡಿ ಕುಟುಂಬದ ಗ್ರೂಪಿಗೆ ಹಾಕುವವರಾದರೆ ಈ ಪರೀಕ್ಷೆ ಮಾಡಿ ನೋಡಿ. ಗ್ರೂಪಿನಲ್ಲಿ ಕೇಳಿಸದ ಒಬ್ಬ ದೊಡ್ಡಪ್ಪ, ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ, ಕೇಳಿಸಲಿಲ್ಲ ಅಂತ ಹೇಳುವುದಿಲ್ಲ.

ಅಪ್ಪ ಮಗನ ಜಗಳ ಮುಗಿಯಿತಾ ಅಂತ ಕೇಳಬೇಡಿ. ಚಾನೆಲ್‌ನಿಂದ ಬರುವ ದುಡ್ಡು ಅವನ ಮೊಬೈಲ್ ರೀಚಾರ್ಜಿಗೂ ಸಾಲದು. “ಬೆಳಗ್ಗೆ ಲೇತ್ ಕಲಿ, ಸಂಜಿಗೆ ಬಸ್ ಓಡ್ಸು” ಅನ್ನುವುದು ಚಿಕ್ಕಪ್ಪನ ವಾದ. ಅವನು ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಹೋಗುತ್ತಾನೆ, ಎರಡು ದಿನ ತಪ್ಪಿಸಿಕೊಳ್ಳುತ್ತಾನೆ. ಜಗಳ ಇದೆ. ಆದರೆ ಈಗ ಜಗಳದ ನಡುವೆ ಇಬ್ಬರೂ ನಗುವುದೂ ಇದೆ. ‘ಏನಿಲ್ಲ ಬಿಡಿ’ ಅನ್ನುವ ಮಾತನ್ನು ಚಿಕ್ಕಮ್ಮ ಮನೆಯಲ್ಲಿ ನಿಷೇಧಿಸಿದ್ದಾರೆ. ಕೇಳಿಸದಿದ್ದರೆ ಬರೆದು ತೋರಿಸಬೇಕು, ತಮಾಷೆಯಾದರೂ ಸರಿ.

ಮೊನ್ನೆ ರಾತ್ರಿ ಹೊಸ ವಿಡಿಯೊ ಕಳಿಸಿದ್ದೆ. ಬೆಳಗ್ಗೆ ನೋಡಿದರೆ ಚಿಕ್ಕಪ್ಪನ ವಾಟ್ಸ್ಆ್ಯಪ್ ಬಂದಿತ್ತು. ಶೆಡ್ಡಿನ ಲೆಕ್ಕದ ಪುಸ್ತಕದ ಒಂದು ಹಾಳೆಯ ಫೋಟೊ. ಒಂದು ಕಡೆ ಯಾರು ಎಷ್ಟು ಬುಶ್ ಒಯ್ದರು ಅನ್ನುವ ಲೆಕ್ಕ. ಇನ್ನೊಂದು ಕಡೆ ಅವರ ದುಂಡಗಿನ ಅಕ್ಷರದಲ್ಲಿ ಒಂದು ಪಟ್ಟಿ:

ಲಾರಿ ಹಾರ್ನ್ – ಪೋಂಯ್ಯ್.
ಸೆಲ್ಫ್ ಹೊಡೆದರೆ – ಖರ್ರ್ ಖರ್ರ್ ಭುರ್.
ಗೇರ್ ಬೀಳದಿದ್ದರೆ – ಕಟರ್.
ಟೈರ್ ಪಂಕ್ಚರ್ – ಫುಸ್ ಅಲ್ಲ, ಢಂ. ಆಮೇಲೆ ಫುಸ್.

ಕೆಳಗೆ ಒಂದು ಸಾಲು: “ಇನ್ನೂ ಅದಾವು. ನೆನಪಾದಂಗೆ ಬರ್ದು ಕಳಿಸ್ತೀನವ್ವಾ.”